ಬೈಲಪ್ಪನವರ ಸದ್ದಿಲ್ಲದ ಮೋಲ್ಡು

ದೊಮ್ಮಲೂರಿನ ಹಳೇ ಬೀದಿಯಲ್ಲಿ ಮನೆಗೆ ಮೋಲ್ಡ್, ಅಂದರೆ ಕಾಂಕ್ರೀಟಿನ ತಾರಸಿ, ಹಾಕಿಸುವುದೆಂದರೆ ಸಿಮೆಂಟಿನ ಜೊತೆ ಬೀದಿಯವರ ಶಾಪವನ್ನೂ ಕಲಸಿದ ಹಾಗೆ. ಬೈಲಪ್ಪನವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಎದುರುಮನೆಯ ಮಧುಕರ್ ದಿನವಿಡೀ ಮನೆಯಲ್ಲೇ ಕೂತು ಆಫೀಸಿನ ಮೀಟಿಂಗ್ ನಡೆಸುವವನು. ಹಿಂದೊಮ್ಮೆ ಯಾರದೋ ಡ್ರಿಲ್ಲಿಂಗ್ ಸದ್ದಿಗೆ ಪೊಲೀಸರನ್ನೇ ಕರೆಸಿದ್ದ. ಆದ್ದರಿಂದ ಬೈಲಪ್ಪನವರು ಶಬ್ದಸಂಹಾರ ಮಹಾಯೋಜನೆಯೊಂದನ್ನು ಹೂಡಿದರು. ಗಡಗಡ ಎನ್ನುವ ಮಿಕ್ಸರ್ ಬೇಡ, ಕಲಸಿದ ಕಾಂಕ್ರೀಟನ್ನೇ ಲಾರಿಯಲ್ಲಿ ತರಿಸುವುದು. ಕಂಬಿ ಕತ್ತರಿಸುವ ಕೆಲಸವೆಲ್ಲ ಊರಾಚೆ. ಕೆಲಸಗಾರರು ಕೂಗದೆ ಕೈಸನ್ನೆಯಲ್ಲೇ ಮಾತಾಡುವುದು. (ಮೇಸ್ತ್ರಿ ಫಹೀಮ್ ಕೆಮ್ಮುವುದಕ್ಕೂ ಅಪ್ಪಣೆ ಕೇಳಬೇಕಿತ್ತು.) ಬಾಳೆಹಣ್ಣು ಹಿಡಿದು ಮನೆಮನೆಗೂ ಹೋಗಿ, "ಊಟದ ಹೊತ್ತಿಗೆ ಮುಗ್ಸಿಬಿಡ್ತೀವಿ, ಸ್ವಲ್ಪ ಸಹಿಸ್ಕೊಳ್ಳಿ" ಎಂದು ಕೈಮುಗಿದು ಬಂದರು.

ಮೋಲ್ಡಿನ ದಿನ ಲಾರಿಯೇನೋ ಬಂತು, ಆದರೆ ಬೀದಿಯ ತಿರುವಿನಲ್ಲೇ ನಿಂತುಬಿಟ್ಟಿತು. ನಡುಬೀದಿಯಲ್ಲಿ ಕುರ್ಚಿ ಹಾಕಿಕೊಂಡು, ಮೈತುಂಬ ಶಾಲು ಹೊದ್ದು ಅಕ್ಕಯಮ್ಮ ಕೂತಿದ್ದಳು. ಬೈಲಪ್ಪನವರ ಒಡಹುಟ್ಟಿದ ಅಕ್ಕ. ಇಬ್ಬರ ಮನೆಗಳ ನಡುವೆ ಒಂದೇ ಗೋಡೆ.

"ನಂಗೆ ಸದ್ದು ಆಗ್ಬರಲ್ಲ. ಲಾರಿ ವಾಪಸ್ ಕಳ್ಸು."

"ಅಕ್ಕಾ, ಸದ್ದೇ ಇರಲ್ಲ ಕಣಕ್ಕಾ. ಕಾಂಕ್ರೀಟ್ ಪಂಪನ್ನ ಆ ಮೂಲೇಲಿ ಇಡಿಸ್ತೀನಿ."

"ಆಗಲ್ಲ."

"ಕಿವಿಗೆ ಹತ್ತಿ ತಂದ್ಕೊಡ್ಲಾ?"

"ನಿನ್ ಬಾಯಿಗೆ ಇಟ್ಕೋ."

ಫಹೀಮ್ ಅಪ್ಪಣೆಯಂತೆ ಪಿಸುಗುಟ್ಟಿದ: "ಸಾಬ್, ಇನ್ನೂ ಹೊತ್ತಾದ್ರೆ ಮಾಲೆಲ್ಲಾ ಲಾರೀಲೇ ಕಲ್ಲಾಗ್ತದೆ. ಆಮೇಲೆ ನಾನೇನೂ ಮಾಡೋಕಾಗಲ್ಲ."

ಬೈಲಪ್ಪನವರು ವಾಚು ನೋಡಿಕೊಂಡರು. ಅಷ್ಟರಲ್ಲಿ ಹೆಂಡತಿ ಸುಕನ್ಯ ಅವರ ತೋಳು ಹಿಡಿದು ಪಕ್ಕಕ್ಕೆಳೆದಳು.

"ರೀ, ಅತ್ಗೆಮ್ಮನ್ನ ಕರೆದ್ರಾ?"

"ಮನೆಯವ್ರನ್ನ ಏನೇ ಕರೆಯೋದು? ಪಕ್ಕದಲ್ಲೇ ಇದಾಳಲ್ಲ!"

"ಅಯ್ಯೋ ನಿಮ್ಮ! ಮೊದಲ್ನೇ ಬಾಂಡ್ಲಿ ಕಾಂಕ್ರೀಟು ಮನೆ ಹೆಣ್ಮಗಳೇ ಹಾಕ್ಬೇಕು ತಾನೆ? ಬೀದಿಗೆಲ್ಲಾ ಕೈಮುಗ್ದು, ಅಕ್ಕನ ಬಾಗ್ಲು ದಾಟ್ಕೊಂಡು ಹೋಗಿದೀರಲ್ಲ!"

ಸುಕನ್ಯ ಒಳಗೆ ಓಡಿ ಅರಿಶಿನ ಕುಂಕುಮದ ತಟ್ಟೆ ತಂದು, "ಬನ್ನಿ ಅತ್ಗೆಮ್ಮ, ನೀವಿಲ್ದೆ ಮೋಲ್ಡಾ?" ಎಂದಳು. ಅಕ್ಕಯಮ್ಮನ ಕಣ್ಣು ತುಂಬಿಬಂತು. ಶಾಲು ತೆಗೆದಳು, ಒಳಗೆ ರೇಷ್ಮೆ ಸೀರೆ.

"ಬೆಳಗ್ಗೆಯಿಂದ ಉಟ್ಕೊಂಡು ಕಾಯ್ತಾ ಇದ್ದೆ ಕಣೋ, ಬೈಲ."

ಬೈಲಪ್ಪನವರಿಗೆ ತಾನೆಂಥ ಮುಠ್ಠಾಳ ಎನ್ನಿಸಿತು. "ತಪ್ಪಾಯ್ತಕ್ಕಾ. ಇನ್ಮೇಲೆ ಎಲ್ಲಾ ನೀನು ಹೇಳ್ದಂಗೇ" ಎಂದುಬಿಟ್ಟರು.

ಬಾಯಿ ತಪ್ಪಿದ್ದು ಅಲ್ಲೇ.

"ಹಂಗಾದ್ರೆ ಬರ್ರಪ್ಪೋ!" ಎಂದು ಅಕ್ಕಯಮ್ಮ ತನ್ನ ಮನೆಯ ಹಿತ್ತಲಿಗೆ ಕೇಳುವಂತೆ ಕೂಗಿದಳು. ತಮಟೆಯವರು ಸಾಲಾಗಿ ಹೊರಬಂದರು. "ತಮ್ಮನ ಮನೆ ಮೋಲ್ಡಿಗೆ ಬರಿಗೈಲಿ ಬರ್ತೀನಾ? ನಿನ್ನೇನೇ ಹೇಳಿಟ್ಟಿದ್ದೆ."

"ಅಕ್ಕಾ, ನಿಂಗೆ ಸದ್ದು ಆಗ್ಬರಲ್ಲ ಅಂದ್ಯಲ್ಲ!"

"ಇದು ಸದ್ದೇನೋ? ಮಂಗಳವಾದ್ಯ! ಕುಣಿ!"

ಅಕ್ಕಯಮ್ಮ ಮೊದಲ ಬಾಂಡ್ಲಿ ಸುರಿದಳು. ತಮಟೆ ಭೋರ್ಗರೆಯಿತು. ನಾಯಿಗಳೆಲ್ಲ ಒಕ್ಕೊರಲಿನಿಂದ ಊಳಿಟ್ಟವು. ಕೊಟ್ಟ ಮಾತಿಗೆ ಕಟ್ಟುಬಿದ್ದ ಬೈಲಪ್ಪನವರು ಪಂಚೆ ಎತ್ತಿ ಕಟ್ಟಿ, ಅಳುಮುಖದಲ್ಲೇ ಕುಣಿದರು. ಲಾರಿ ಖಾಲಿಯಾಗಿ ಹೊರಟುಹೋದದ್ದು ಕೂಡ ಅವರಿಗೆ ತಿಳಿಯಲಿಲ್ಲ.

ತಿಳಿದದ್ದು ಪೊಲೀಸ್ ಜೀಪು ಬಂದು ನಿಂತಾಗ. ಎದುರುಮನೆಯ ಮಧುಕರ್ ಮೆಟ್ಟಿಲಿಳಿದು ಬಂದ.

"ಏನ್ರೀ, ಕಾಂಕ್ರೀಟ್ ಕೆಲಸದ ಗಲಾಟೇನಾ?" ಪೊಲೀಸಿನವರು ಕೇಳಿದರು.

"ಛೆ ಛೆ, ಅದ್ಯಾವಾಗ ಮುಗೀತು ಅಂತ್ಲೇ ಗೊತ್ತಾಗ್ಲಿಲ್ಲ ಸಾರ್" ಎಂದ ಮಧುಕರ್. "ಕುಣೀತಿದಾರಲ್ಲ, ಈ ಯಜಮಾನ್ರು, ಇವ್ರನ್ನ ಕರ್ಕೊಂಡ್ಹೋಗಿ."