ಹೆಂಡತಿಯ ಕಣ್ಣಿನ ನರವೂ ನನ್ನ ಹೊಟ್ಟೆಯ ಉರಿಯೂ

ಪಕ್ಕದ ಮನೆಯವರ ಕಾರು ಕಂಡು ಹೊಟ್ಟೆ ಉರಿದರೆ ಅದಕ್ಕೊಂದು ಮರ್ಯಾದೆಯಿದೆ. ಕಟ್ಟಿಕೊಂಡ ಹೆಂಡತಿಯ ಕಾಯಿಲೆ ಕಂಡು ಹೊಟ್ಟೆ ಉರಿದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಸುದ್ದಿಸಂಸ್ಥೆಯೊಂದರ ಕೋಲ್ಕತ್ತ ಕಚೇರಿಯಲ್ಲಿ ತಲೆ ನರೆಸಿಕೊಂಡವನು ನಾನು. ಕಣ್ಣಾರೆ ಕಾಣದ್ದನ್ನು ಬರೆಯಬೇಡಿ ಎಂದು ಕಿರಿಯರಿಗೆ ಬುದ್ಧಿ ಹೇಳುವವನು. ಆದ್ದರಿಂದ ಕಂಡದ್ದನ್ನಷ್ಟೇ ಹೇಳುತ್ತೇನೆ.

ನನ್ನ ಹೆಂಡತಿ ಗಿರಿಜೆಗೆ ಗ್ಲಾಕೋಮಾ. ಕಣ್ಣಿನಿಂದ ಮಿದುಳಿಗೆ ಹೋಗುವ ನರ ಸದ್ದಿಲ್ಲದೆ ಸವೆಯುವ ರೋಗ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು. ಅವಳ ಎಡಗಣ್ಣಿನ ನೋಟದ ಮೇಲ್ಮೂಲೆಯಲ್ಲಿ ಒಂದು ಚೂರು ಕತ್ತಲು ಬಂದು ಕೂತಿದೆ. ಅದು ಹಿಗ್ಗದಿರಲಿ ಎಂಬುದೇ ನಮ್ಮಿಬ್ಬರ ಹರಕೆ. ಈ ಸವೆತ ಕಣ್ಣಿಗೇ ನಿಲ್ಲುತ್ತದೋ, ಮಿದುಳಿನೊಳಗೂ ಕಾಲಿಡುತ್ತದೋ ಎಂದು ಸಂಶೋಧನೆ ನಡೆಸುವ ತಂಡವೊಂದು ಅವಳನ್ನು ಸೇರಿಸಿಕೊಂಡಿತು. ಅಲ್ಲಿಂದ ನನ್ನ ಕಷ್ಟ ಶುರು. ಅವಳ ನರದ ಚಿತ್ರ ಪರದೆಯ ಮೇಲೆ ಮೂಡಿದರೆ ಸಾಕು, ಬಂಗಾಳಿ ಡಾಕ್ಟರುಗಳು ಸಂದೇಶ್ ಮಿಠಾಯಿಯಂಗಡಿಯ ಗಾಜಿಗೆ ಮುಖವಿಟ್ಟ ಮಕ್ಕಳಂತೆ ಮುತ್ತಿಕೊಳ್ಳುತ್ತಾರೆ. ‘ಬೌದಿ, ಬೋಶುನ್’, ಅಂದರೆ ಅತ್ತಿಗೆ ಕೂತ್ಕೊಳ್ಳಿ, ಎಂದು ಅವಳಿಗೆ ಕುರ್ಚಿ, ಚಹಾ. ನಾನು ಅವಳ ಚೀಲ ಹಿಡಿದು ಗೋಡೆಗೊರಗಿ ನಿಂತಿರುತ್ತೇನೆ.

ತಂಡದಲ್ಲಿ ಧಾರವಾಡದ ಹುಡುಗಿಯೊಬ್ಬಳಿದ್ದಾಳೆ, ಶ್ರೇಯಾ. ಅವಳಿಗೆ ಕನಿಕರ ಬಂತೇನೋ.

“ಸರ್, ನೀವೂ ಬರ್ರಿ. ರೋಗ ಇಲ್ಲದವರೂ ಬೇಕು ನಮಗ, ಹೋಲಿಸಿ ನೋಡಲಿಕ್ಕೆ. ಒಂದೇ ಮನಿ, ಒಂದೇ ಊಟ, ಹೆಚ್ಚೂಕಡಿಮಿ ಒಂದೇ ವಯಸ್ಸು. ಕಂಟ್ರೋಲ್ ಅಂತೀವಿ ಇದಕ್ಕ.”

“ಮದುವೆಯಾದ ಮೇಲೆ ಇವರು ಕಂಟ್ರೋಲಿಗೆ ಸಿಕ್ಕಿದ್ದು ಇದೇ ಮೊದಲು ಕಣಮ್ಮ” ಎಂದಳು ಗಿರಿಜೆ.

ನನ್ನ ನರದ ಚಿತ್ರಕ್ಕೆ “ಚಲೋ ಐತಿ” ಎಂಬ ಎರಡೇ ಮಾತು ಸಿಕ್ಕಿತು. ಯಾರೂ ಇಣುಕಲಿಲ್ಲ.

ಮುಂದಿನದು ನೋಟದ ಹರವಿನ ಪರೀಕ್ಷೆ. ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ಎಲ್ಲಾದರೂ ದೀಪದ ಚುಕ್ಕೆ ಮಿನುಗಿದರೆ ಕೈಯಲ್ಲಿನ ಗುಂಡಿ ಒತ್ತಬೇಕು. ಇಲ್ಲಾದರೂ ಹೆಸರು ಮಾಡೋಣವೆಂದು ನಾನು ಒತ್ತಿದೆ. ಮಿನುಗಿದಾಗ ಒತ್ತಿದೆ, ಮಿನುಗೀತು ಅನ್ನಿಸಿದಾಗ ಒತ್ತಿದೆ, ಮಿನುಗದಿದ್ದರೆ ಅದರ ತಪ್ಪು ಎಂದು ಒತ್ತಿದೆ.

“ಸರ್, ದೀಪ ಇಲ್ಲದಾಗೂ ಒತ್ತೀರಲ್ಲ! ಈ ರಿಪೋರ್ಟ್ ನಂಬಂಗಿಲ್ಲ ಅಂತೈತಿ ಮಷೀನು. ಮೇಡಮ್‌ರದು ನೋಡ್ರಿ, ಒಂದೂ ಸುಳ್ಳಿಲ್ಲ. ಮತ್ತ, ಕತ್ತಲಿ ಹೋದ ಸಲದಷ್ಟೇ ಐತಿ, ಹಿಗ್ಗಿಲ್ಲ.”

ಆ ಕೊನೆಯ ಮಾತಿಗೆ ನನ್ನ ಎದೆ ಹಗುರಾಯಿತು. ಮತ್ಸರವೂ ಕೆಲಹೊತ್ತು ರಜೆಯ ಮೇಲೆ ಹೋಯಿತು. ಟ್ಯಾಕ್ಸಿಯಲ್ಲಿ ಗಿರಿಜೆ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು: “ಆ ಮೂಲೇಲಿ ದೀಪ ಬರುತ್ತೇಂತ ಕಾಯ್ತಾನೇ ಇದ್ದೆ ಕಣ್ರೀ. ಬಂದಿತ್ತು, ಅಲ್ವಾ?”

“ಇಲ್ಲ” ಎಂದೆ. “ಎಲ್ಲ ದೀಪಾನೂ ನೋಡಿದವನು ನಾನು. ಅಲ್ಲಿ ಒಂದೂ ಬರಲಿಲ್ಲ.”

“ನಿಮ್ಮ ರಿಪೋರ್ಟ್ ನಂಬೋ ಹಾಗಿಲ್ಲಾಂತ ಮಷೀನೇ ಹೇಳಿದೆಯಲ್ಲ” ಎಂದು ನಕ್ಕಳು. ಕೈ ಬಿಡಲಿಲ್ಲ.

ಬರುವ ವಾರ ಮತ್ತೆ ಪರೀಕ್ಷೆಗೆ ಕರೆದಿದ್ದಾರೆ, ನನ್ನೊಬ್ಬನನ್ನೇ. ಟ್ಯಾಕ್ಸಿ ಸದರ್ನ್ ಅವೆನ್ಯೂ ಮುಟ್ಟುವ ಮೊದಲೇ ಮೈಸೂರಿನ ನಾದಿನಿಗೆ ಫೋನ್ ಮಾಡಿ ಸುದ್ದಿ ತಿಳಿಸಿದೆ. ಕಾರಣವನ್ನು ಮಾತ್ರ ವರದಿಯಲ್ಲಿ ಸೇರಿಸಲಿಲ್ಲ.