ನಡುವಿನ ಪೆಡಲ್

ನನ್ನ ಗೆಳೆಯ ಗುರುವಾರ ಬೆಳಿಗ್ಗೆ ತೀರಿಕೊಂಡ. ಹೃದಯ ನಿಂತಿತು, ಅಷ್ಟೇ. ಹನ್ನೊಂದು ವರ್ಷ ಅವನು ಶೆಡ್ಡಿನಲ್ಲಿ ರಿಪೇರಿ ಮಾಡಿದ ಹಳೆಯ ಕಾರು ಮಾತ್ರ ಅಷ್ಟರಲ್ಲಿ ಓಡಲು ಸಿದ್ಧವಾಗಿತ್ತು.

ಅದರಲ್ಲಿ ಹೆಂಡತಿಯನ್ನು ಒಂದು ಸುತ್ತು ಕರೆದೊಯ್ಯುತ್ತೇನೆಂದು ಆ ಹನ್ನೊಂದು ವರ್ಷವೂ ಹೇಳುತ್ತಿದ್ದ. ತಿಂಗಳು ಕಳೆಯಿತು. ಸೋಮವಾರ ಕಾರು ಮ್ಯೂಸಿಯಂ ಸೇರಲಿತ್ತು. ನಾನು ಎದೆ ತಟ್ಟಿಕೊಂಡು ಘೋಷಿಸಿದೆ:

"ಭಾನುವಾರ ಆ ಸುತ್ತು ನಾನು ಹಾಕಿಸ್ತೀನಿ!"

"ನೀವಾ?" ಎಂದಳು ನನ್ನ ಹೆಂಡತಿ. "ನಮ್ಮ ಕಾರನ್ನ ಆಚೆ ತೆಗೆಯೋಕೇ ಬೀದಿಯವರೆಲ್ಲ ಕೈ ತೋರಿಸ್ಬೇಕು."

"ಆ ಕಾರಿನ ಚರಿತ್ರೆ ನನಗೆ ಬಾಯಿಪಾಠ ಕಣೇ!"

ಅರ್ಧ ನಿಜ. ಆ ಕಾರು ಮಾಡಿದವರ ಕಥೆಯನ್ನು ಮೊದಲಿಂದ ಕೊನೆತನಕ ಹೇಳದೆ ಗೆಳೆಯ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. "ಕೇಳೋ ಪಂಡಿತ" ಎಂದು ಶುರು. ಹೊಲಿಗೆ ಯಂತ್ರ ಮಾಡುತ್ತಿದ್ದ ಅಣ್ಣತಮ್ಮಂದಿರು. ಕಾರು ಕಟ್ಟಲು ಹೊರಟು ಜಗಳವಾಡಿದರು, ಮಾತು ಬಿಟ್ಟರು, ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು ಚೀಟಿ ಬರೆದು ಬೈದಾಡಿದರು. ಇಪ್ಪತ್ತೇಳು ಕಾರು ಹೊರಬಂದವು, ಕಾರ್ಖಾನೆ ಮುಚ್ಚಿತು. ಜಗಳ ಏತಕ್ಕೆ ಎಂಬಲ್ಲಿಗೆ ಬರುವಷ್ಟರಲ್ಲಿ ನಾನು ತೂಕಡಿಸುತ್ತಿದ್ದೆ. ಹನ್ನೊಂದು ವರ್ಷ, ಒಂದು ಸಲವೂ ತಪ್ಪದೆ!

ಭಾನುವಾರ ಗೆಳೆಯನ ಹೆಂಡತಿ, ನನಗೆ ಅತ್ತಿಗೆ, ಅವನ ಸ್ವೆಟರ್ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಎಂಜಿನ್ ಗುಡುಗಿತು. ಕ್ಲಚ್ ಬಿಟ್ಟೆ. ಕಾರು ರಾಜಗಾಂಭೀರ್ಯದಿಂದ ಇಳಿಜಾರಿನಲ್ಲಿ ಹೊರಟಿತು.

"ರೀ, ಚಿಲಕ ಸಿಕ್ಕಿಹಾಕಿಕೊಂಡಿದೆ! ನಿಲ್ಸಿ!" ಗೇಟಿನ ಬಳಿಯಿಂದ ನನ್ನವಳು ಕೂಗಿದಳು.

ನಡುವಿನ ಪೆಡಲ್ ಒತ್ತಿದೆ. ಕಾರು ಹಾರಿತು! ಇನ್ನೂ ಬಲವಾಗಿ ಒತ್ತಿದೆ. ಹೆಂಡತಿ ಹೂಕುಂಡಗಳ ಮೇಲೆ ಜಿಗಿದಳು, ಗೇಟು ನಮ್ಮ ಜೊತೆಗೇ ಹೊರಟಿತು. ಮೂವರೂ, ಅಂದರೆ ನಾನು, ಅತ್ತಿಗೆ ಮತ್ತು ಗೇಟು, ಬೀದಿ ದಾಟಿ ಎದುರುಮನೆಯ ಬೇಲಿಯೊಳಗೆ ನಿಂತೆವು.

ಆ ಮನೆಯ ದಂತವೈದ್ಯರು ಬಂದು ಕೇಳಿದರು, "ಅಪಾಯಿಂಟ್‌ಮೆಂಟ್ ಇದೆಯಾ?"

ಅತ್ತಿಗೆ ನಕ್ಕರು. ತಿಂಗಳ ನಂತರ ಮೊದಲ ಬಾರಿ. "ಇದು ಕಾಲು ಸುತ್ತೂ ಆಗ್ಲಿಲ್ಲ. ಮಿಕ್ಕಿದ್ದನ್ನ ಮುಗಿಸಿ, ಬಿಡಲ್ಲ ನಾನು."

ಮುಗಿಸಿಯೇ ಸಿದ್ಧ! ಹೊರಡುವ ಮುನ್ನ ಬಗ್ಗಿ ನೋಡಿದೆ. ನಡುವಿನ ಪೆಡಲ್ ಮೇಲೆ, ನನ್ನ ಬೂಟಿನ ಗುರುತಿನ ಕೆಳಗೆ, ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್. ಅದರ ಮೇಲೆ ಅಕ್ಷರ.

ಅತ್ತಿಗೆಯೂ ಬಗ್ಗಿದರು.

"ಆ ಗುರುವಾರ ಬೆಳಿಗ್ಗೆ ಪ್ಲಾಸ್ಟರ್ ಕೇಳಿ ಇಸ್ಕೊಂಡ್ರು. 'ಕೈ ಕುಯ್ಕೊಂಡ್ರಾ?' ಅಂದೆ. 'ಇಲ್ಲ ಕಣೇ, ನಾನು ಹಿಂದೆ ನಿನ್ನ ಪಕ್ಕ ಕೂರೋನು. ಓಡಿಸೋನಿಗೆ ಒಂದು ಚೀಟಿ' ಅಂದ್ರು. ಅಂಟಿಸಿ ಬಂದವರೇ ಮಲಗಿಬಿಟ್ರು."

ಚೀಟಿಯಲ್ಲಿ ಇಷ್ಟೇ ಇತ್ತು: "ಪಂಡಿತ, ಅವರು ಜಗಳವಾಡಿದ್ದು ಇದಕ್ಕೇ. ಇದು ಬ್ರೇಕ್ ಅಲ್ಲ."