ಏಳು ಜನರ ಕಂಪನಿ

ಫೋಟೋದಣ್ಣನಿಗೆ ಐವತ್ತು ತುಂಬಿದ್ದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಅವನಿಗೇ ಇರಲಿಲ್ಲ. ನೆನಪಿಟ್ಟುಕೊಂಡಿದ್ದು ಆರೋಗ್ಯ ವಿಮೆಯ ಕಂಪನಿ ಮಾತ್ರ. ಹುಟ್ಟುಹಬ್ಬದ ಶುಭಾಶಯ ಕಳಿಸಿ, ತಾವು ಹೊಸ ವಯೋಮಾನದ ಗುಂಪಿಗೆ ಸೇರಿರುವುದರಿಂದ ತಮ್ಮ ತಿಂಗಳ ಕಂತನ್ನು ಪರಿಷ್ಕರಿಸಲಾಗಿದೆ ಎಂದು ಅದೇ ಉಸಿರಿನಲ್ಲಿ ತಿಳಿಸಿತ್ತು. ಪರಿಷ್ಕರಣೆ ಎಂಬ ಪದವೇ ವಿಚಿತ್ರ. ಅದು ಬೇರೆಯವರ ಸಂಬಳಕ್ಕೆ ಬಂದರೆ ಬಡ್ತಿ, ನಮ್ಮ ಕಂತಿಗೆ ಬಂದರೆ ಗಂಡಾಂತರ. ಹೆಚ್ಚುಕಡಿಮೆ ಎರಡರಷ್ಟಾಗಿತ್ತು.

ಇಂದೋ ನಾಳೆಯೋ ಎಂದು ತಳ್ಳಿಕೊಂಡು ಬಂದು, ಈಗ ಕೊನೆಯ ದಿನ ಬಂದು ನಿಂತಿತ್ತು; ತಪ್ಪಿದರೆ ಪಾಲಿಸಿಯೇ ರದ್ದು.

"ಸಾಯಂಕಾಲ ಐದರೊಳಗೆ ಕಟ್ಬಿಡಿ," ಎಂದಳು ಹೆಂಡತಿ, ಡಬ್ಬಿಯ ಮುಚ್ಚಳ ಒತ್ತುತ್ತಾ. "ಯಾರಾದ್ರೂ ಬುದ್ಧಿ ಹೇಳೋಕೆ ಬಂದ್ರೆ ಕಿವಿ ಮುಚ್ಕೊಳ್ಳಿ."

"ಕಟ್ತೀನಿ ಕಣೇ."

"ಇನ್ನೊಂದು ತಿಂಗಳು. ಆಮೇಲೆ ಆಪರೇಷನ್ ಮಾಡಿಸಿಕೊಂಡು ನೆಮ್ಮದಿಯಾಗಿ ಕೆಮ್ಮಬಹುದು."

ಫೋಟೋದಣ್ಣನಿಗೆ ಕೆಳಹೊಟ್ಟೆಯ ಬಲಗಡೆ ಹರ್ನಿಯಾ ಇತ್ತು. ಕೆಮ್ಮಬೇಕಾದರೆ ಮೊದಲು ಕೈಯಿಂದ ಅದನ್ನು ಒತ್ತಿ ಹಿಡಿದು, ಅದರ ಅಪ್ಪಣೆ ಪಡೆದು, ಆಮೇಲೆ ಕೆಮ್ಮಬೇಕಿತ್ತು. ಮೂರು ವರ್ಷ ಕಂತು ಕಟ್ಟಿದರೆ ಮಾತ್ರ ಹರ್ನಿಯಾಕ್ಕೆ ಹಣ ಎಂಬುದು ವಿಮೆಯವರ ಕರಾರು. ಮೂರು ವರ್ಷಕ್ಕೆ ಒಂದೇ ತಿಂಗಳು ಬಾಕಿ. ಈ ವಿಷಯ ಹೆಂಡತಿಗೂ ಡಾಕ್ಟರಿಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವನ ಫೋಟೋ ಸ್ಟುಡಿಯೋದ ಕೆಳಗೇ ಸಲೂನಿತ್ತು. ಸಲೂನಿನವನಿಗೆ ಬೀದಿಯವರೆಲ್ಲ ಇಟ್ಟಿದ್ದ ಹೆಸರು ರೇಡಿಯೋ. ಅವನಿಗೆ ಗೊತ್ತಾದ ಮೇಲೆ ಗುಟ್ಟು ಎಂಬುದು ಇರುವುದಿಲ್ಲ, ಪ್ರಸಾರ ಮಾತ್ರ ಇರುತ್ತದೆ.

ಅವತ್ತು ಮೆಟ್ಟಿಲ ಮೇಲೆ ನಿಂತು ಕಂತಿನ ಮೊತ್ತವನ್ನು ಇನ್ನೊಮ್ಮೆ ಓದಿ "ಅಯ್ಯೋ" ಎಂದದ್ದೇ ಫೋಟೋದಣ್ಣ ಮಾಡಿದ ತಪ್ಪು.

"ಏನಣ್ಣಾ ಅಯ್ಯೋ?" ರೇಡಿಯೋ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಹೊರಗೆ ಬಂದ. ಮೊಬೈಲಿಗೆ ಇಣುಕಿ, "ಅಯ್ಯಯ್ಯೋ!" ಎಂದ. ಅದು ಬೀದಿಯ ಕೊನೆಯ ಸೈಕಲ್ ಅಂಗಡಿಗೂ ಕೇಳಿಸಿತು.

ಕಾಲು ಗಂಟೆಯಲ್ಲಿ ಸ್ಟುಡಿಯೋ ತುಂಬಿಹೋಯಿತು. ಸೈಕಲ್ ರಿಪೇರಿಯವನು, ಜೆರಾಕ್ಸಿನವನು, ಗಡಿಯಾರದವನು, ಚಪ್ಪಲಿ ಹೊಲಿಯುವವನು, ಎದುರು ಮಹಡಿಯ ಟ್ಯೂಷನ್ ಮೇಷ್ಟ್ರು, ಕೊರಳಲ್ಲಿ ಅಳತೆಯ ಟೇಪು ನೇತಾಡಿಸಿಕೊಂಡ ಟೈಲರಕ್ಕ. ಎಲ್ಲರೂ ಸ್ವಂತ ಉದ್ಯೋಗದವರೇ. ಕಾಯಿಲೆ ಬಂದರೆ ರಜೆ ಕೊಡುವವರಿಲ್ಲ, ರಜೆ ಹಾಕಿದರೆ ಊಟ ಹಾಕುವವರಿಲ್ಲ. ವಿಮೆ ಇದ್ದವರು ಇಬ್ಬರೇ: ಫೋಟೋದಣ್ಣ, ಮತ್ತು ಗಂಡನ ಕಾರ್ಖಾನೆ ಕೆಲಸದ ಕೃಪೆಯಿಂದ ಟೈಲರಕ್ಕ.

"ನಮ್ಮ ಯಜಮಾನ್ರ ಕಾರ್ಖಾನೇಲಿ ಇಬ್ಬರಿಗೂ ಸೇರಿ ಇದರ ಕಾಲು ಭಾಗಾನೂ ಹಿಡಿಯಲ್ಲ," ಎಂದಳು ಟೈಲರಕ್ಕ. "ಗುಂಪು ವಿಮೆ ಅಂತೆ."

ಟ್ಯೂಷನ್ ಮೇಷ್ಟ್ರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆಂದರೆ ಯಾರಿಗೋ ಪಾಠ ಶುರುವಾಯಿತೆಂದೇ ಅರ್ಥ. "ಸಮಸ್ಯೆ ಕಾಯಿಲೇದಲ್ಲ, ಒಂಟಿತನದ್ದು. ಒಬ್ಬೊಬ್ಬರೇ ಹೋದ್ರೆ ಕುತ್ತಿಗೆ ಹಿಡೀತಾರೆ. ನಾವೂ ಒಂದು ಕಂಪನಿ ಆಗೋಣ."

"ಏನು ತಯಾರು ಮಾಡೋ ಕಂಪನಿ?" ಎಂದ ಗಡಿಯಾರದವನು.

"ಏನೂ ಮಾಡೋದು ಬೇಡ. ನೌಕರರಿದ್ರೆ ಸಾಕು."

ರೇಡಿಯೋ ತನ್ನ ಗಿರಾಕಿಯಾಗಿದ್ದ ಒಬ್ಬ ವಿಮಾ ಏಜೆಂಟನಿಗೆ ಫೋನು ಹಚ್ಚಿದ. ಏಜೆಂಟ್ ಹೆಲ್ಮೆಟ್ ತೆಗೆಯುವುದನ್ನೂ ಮರೆತು ಓಡಿಬಂದ. ಕಾಲರು ಸವೆದ ಬಿಳಿ ಅಂಗಿ, ಹೊಳೆಯುವ ಬ್ಯಾಗು, ಹಗಲೆಲ್ಲ ಬಿಸಿಲು ಕುಡಿದ ಮುಖ.

"ಏಳು ಜನ ನೌಕರರು, ಒಬ್ಬ ಮಾಲೀಕ. ಇಷ್ಟಿದ್ರೆ ಗುಂಪು ಪಾಲಿಸಿ ಆಗುತ್ತೆ ಸಾರ್. ಕಾಯೋ ಅವಧಿ ಇಲ್ಲ, ಇವತ್ತು ಸಹಿ, ನಾಳೆಯಿಂದ ಯಾವ ಕಾಯಿಲೆ ಬೇಕಾದ್ರೂ ಬರಬಹುದು," ಎಂದು ಆಹ್ವಾನ ಪತ್ರಿಕೆ ಹಂಚುವವನಂತೆ ಹೇಳಿದ.

ಕಾಯುವ ಅವಧಿ ಇಲ್ಲ ಎಂದ ಕೂಡಲೇ ಫೋಟೋದಣ್ಣನ ಕೈ ತಾನಾಗಿ ಕೆಳಹೊಟ್ಟೆಗೆ ಹೋಯಿತು.

"ಮಾಲೀಕ ಯಾರು?" ಎಂದ ಏಜೆಂಟ್.

ಎಲ್ಲರೂ ಗೋಡೆಯ ಕಡೆ ನೋಡಿದರು. ಫೋಟೋದಣ್ಣನ ತಂದೆಯ ಕಾಲದ ಬೋರ್ಡು ಅಲ್ಲಿ ಒರಗಿತ್ತು. ಅದರ ಮೇಲೆ 'ಸ್ಟುಡಿಯೋ ಅಂಡ್ ಕಂಪನಿ' ಎಂದಿತ್ತು. ಆ ಕಂಪನಿ ಯಾವುದು, ಅದರಲ್ಲಿ ಯಾರಿದ್ದರು ಎಂಬುದು ತಂದೆಗೂ ಗೊತ್ತಿರಲಿಲ್ಲ. ಬರೆದವನು ಅಕ್ಷರಕ್ಕಿಷ್ಟು ಎಂದು ಹಣ ತೆಗೆದುಕೊಳ್ಳುತ್ತಿದ್ದನಂತೆ.

"ನೋಡಿ, ಕಂಪನಿ ಆಗಲೇ ಇದೆ!" ಎಂದರು ಮೇಷ್ಟ್ರು. ಫೋಟೋದಣ್ಣ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಚಪ್ಪಾಳೆ ಬಿತ್ತು. ತಾನಿಲ್ಲದಿದ್ದರೆ ಏಳು ಆಗುವುದಿಲ್ಲವಲ್ಲ ಎಂದು ಟೈಲರಕ್ಕನೂ ಸಂಖ್ಯೆಗೆ ಸೇರಿಕೊಂಡಳು.

ಮೊದಲ ಕಂತು ಮಾಲೀಕನ ಕೈಯಿಂದಲೇ ಹೋಗಬೇಕು ಎಂದ ಏಜೆಂಟ್. ಬೆಳಗ್ಗೆ ಕಟ್ಟಲೆಂದು ತಂದಿದ್ದ ಹಣ ಜೇಬಿನಲ್ಲಿ ಸಿದ್ಧವಾಗಿತ್ತು. ಸಂಜೆಯೊಳಗೆ ಎಲ್ಲರೂ ಅವರವರ ಪಾಲು ಹಿಂದಿರುಗಿಸುವುದೆಂದು ತೀರ್ಮಾನವಾಯಿತು. ಫೋಟೋದಣ್ಣ ಒಂದು ಕ್ಷಣ ಹಿಂದೆಮುಂದೆ ನೋಡಿದ. ಆಮೇಲೆ ಕೊಟ್ಟುಬಿಟ್ಟ.

ನೌಕರರೆಲ್ಲರ ಫೋಟೋ ಬೇಕಿತ್ತು. ಮಾಲೀಕನೇ ಫೋಟೋಗ್ರಾಫರ್ ಆದ್ದರಿಂದ ದುಡ್ಡಿನ ಮಾತೇ ಏಳಲಿಲ್ಲ. ಗಡಿಯಾರದವನು ಒಂದು ಕಣ್ಣಿನ ಮಸೂರ ತೆಗೆಯಲು ಒಪ್ಪಲಿಲ್ಲ. ಮೇಷ್ಟ್ರಿಗೆ ತಲೆಯ ಮೇಲೆ ಸ್ವಲ್ಪ ಕೂದಲು ಸೇರಿಸಬೇಕಿತ್ತು. "ಇದು ವಿಮೆಗೆ ಮೇಷ್ಟ್ರೇ, ವಧು ಅನ್ವೇಷಣೆಗಲ್ಲ," ಎಂದ ಫೋಟೋದಣ್ಣ. ಇದರ ನಡುವೆ ಅರ್ಜಿಗೆ ಫೋಟೋ ತೆಗೆಸಲು ಬಂದ ನಾಲ್ಕಾರು ನಿಜವಾದ ಗಿರಾಕಿಗಳು ಬಾಗಿಲಲ್ಲಿ ನಿಂತು, ಒಳಗಿನ ಜಾತ್ರೆ ನೋಡಿ, ಮುಂದಿನ ಬೀದಿಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಹೊಸ ನೌಕರರಿಗೆ ನೌಕರಿಯ ರುಚಿ ಹತ್ತಿತು.

"ಅಣ್ಣಾ... ಅಲ್ಲ, ಸಾರ್," ಎಂದು ಸೈಕಲ್ಲಿನವನು ಬಂದ. "ನಮಗೆ ವಾರದ ರಜೆ ಯಾವತ್ತು?"

"ನಿನ್ನ ಅಂಗಡಿ ನೀನು ಯಾವಾಗ ಬೇಕಾದ್ರೂ ಮುಚ್ಚಪ್ಪಾ."

"ಅದು ಮುಚ್ಚೋದು ಸಾರ್. ರಜೆ ಅಂದ್ರೆ ನೀವು ಕೊಡಬೇಕು. ಹುಟ್ಟಿದಾಗಿಂದ ಯಾರೂ ಕೊಟ್ಟಿಲ್ಲ."

ಅವನ ಮುಖ ನೋಡಿ ಫೋಟೋದಣ್ಣನಿಗೆ ಬೈಯಲು ಮನಸ್ಸಾಗಲಿಲ್ಲ. ಭಾನುವಾರ ಕೊಟ್ಟ. ಅದನ್ನು ರೇಡಿಯೋ ಬಿತ್ತರಿಸಿದ. ಜೆರಾಕ್ಸಿನವನು ಬೋನಸ್ಸಿನ ವಿಚಾರ ತೆಗೆದ. ಚಪ್ಪಲಿಯವನಿಗೆ ಮಾಲೀಕರು ಒಮ್ಮೆಯಾದರೂ "ಶಾಭಾಷ್" ಎನ್ನಬೇಕೆಂಬ ಆಸೆ. ಮೇಷ್ಟ್ರು ನೌಕರರ ಸಂಘ ಕಟ್ಟಿ, ತಾವೇ ಅಧ್ಯಕ್ಷರಾಗಿ, ಆಡಳಿತ ವರ್ಗದ ದಬ್ಬಾಳಿಕೆಯನ್ನು ಖಂಡಿಸಿದರು. ಆಡಳಿತ ವರ್ಗ ಆಗ ಎಲ್ಲರಿಗೂ ಟೀ ತರಲು ಕೆಳಗೆ ಹೋಗಿತ್ತು.

ಟೀ ಕೆಟಲ್ ಹಿಡಿದು ಮೆಟ್ಟಿಲು ಹತ್ತುವಾಗ ಹೆಂಡತಿಯ ಫೋನು. "ಕಟ್ಟಿದ್ರಾ?"

"ಅದಕ್ಕಿಂತ ಒಳ್ಳೇದಾಯ್ತು ಕಣೇ. ನಾನೀಗ ಮಾಲೀಕ."

"ಯಾರು ಬುದ್ಧಿ ಹೇಳಿದ್ರು?" ಎಂದಳು.

"ಎಲ್ಲರೂ."

ಸಂಜೆ ಐದು ದಾಟಿದ ಮೇಲೆ ಏಜೆಂಟ್ ಕಾಗದ ಪತ್ರ ಮುಗಿಸಿಕೊಂಡು ಮತ್ತೆ ಬಂದ. ಏಳು ಹೆಸರು ಓದಿದ. ಫೋಟೋದಣ್ಣ ಕಾದ. ಏಜೆಂಟ್ ಬ್ಯಾಗು ಮುಚ್ಚಿದ.

"ನನ್ನ ಹೆಸರು?"

"ನಿಮ್ಮದೇನು ಸಾರ್? ಇದು ನೌಕರರ ಪಾಲಿಸಿ. ನೀವು ಮಾಲೀಕರಲ್ವಾ?"

ಫೋಟೋದಣ್ಣ ದೀಪದ ಸ್ಟ್ಯಾಂಡು ಹಿಡಿದುಕೊಂಡ. ಹಳೆಯ ಪಾಲಿಸಿಯ ಗಡುವು ಆಗಲೇ ಮುಗಿದಿತ್ತು. "ಹಾಗಾದ್ರೆ ನಾನು ನೌಕರ ಆಗ್ತೀನಿ. ಬೇರೆ ಯಾರಾದ್ರೂ ಮಾಲೀಕರಾಗಿ," ಎಂದ. ನೌಕರರೆಲ್ಲ ತಮ್ಮ ತಮ್ಮ ಪಾದಗಳನ್ನು ನೋಡಿಕೊಂಡರು. ಬೆಳಗ್ಗೆ ಸಿಕ್ಕಿದ ನೌಕರಿಯನ್ನು ಸಂಜೆಗೇ ಬಿಡಲು ಯಾರಿಗೆ ಮನಸ್ಸು ಬರುತ್ತದೆ?

ಟೈಲರಕ್ಕನಿಗೆ ಕನಿಕರ ಬಂತು. "ನನಗೆ ಹೇಗೂ ನಮ್ಮ ಯಜಮಾನ್ರ ವಿಮೆ ಇದೆ. ನಾನು ಮಾಲೀಕಳಾಗ್ತೀನಿ ಬಿಡಣ್ಣಾ. ನನ್ನ ಜಾಗಕ್ಕೆ ನೀನು ಬಾ."

ಫೋಟೋದಣ್ಣನ ಕಣ್ಣು ತೇವವಾಯಿತು. ಎಲ್ಲರ ಪಾಲನ್ನೂ ಅವಳೇ ವಸೂಲಿ ಮಾಡಿ, ಅವನು ಕೊಟ್ಟಿದ್ದ ಹಣವನ್ನು ಅವನ ಕೈಗಿಟ್ಟಳು. ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಕೊರಳಿನ ಟೇಪು ಒಮ್ಮೆಲೇ ಅಧಿಕಾರದ ಪಟ್ಟಿಯಂತೆ ಕಂಡಿತು.

"ಕೊನೇ ಪ್ರಶ್ನೆ," ಎಂದ ಏಜೆಂಟ್. "ಯಾರಿಗಾದ್ರೂ ಈಗಾಗಲೇ ಕಾಯಿಲೆ ಇದೆಯಾ?"

"ಇಲ್ಲ," ಎಂದರು ಮೇಷ್ಟ್ರು, ಬಿಪಿ ಮಾತ್ರೆಯನ್ನು ಟೀ ಜೊತೆ ನುಂಗುತ್ತಾ. "ಏನೂ ಇಲ್ಲ," ಎಂದ ರೇಡಿಯೋ, ಸೊಂಟ ಹಿಡಿದುಕೊಂಡು ಏಳುತ್ತಾ. ಗಡಿಯಾರದವನಿಗೆ ಪ್ರಶ್ನೆಯೇ ಸರಿಯಾಗಿ ಕೇಳಿಸಲಿಲ್ಲ, ಆದರೂ ಇಲ್ಲ ಎಂದ.

ಫೋಟೋದಣ್ಣನ ಸರದಿ ಬಂತು. ಮುಂದಿನ ತಿಂಗಳು ಆಸ್ಪತ್ರೆಗೆ ಹೋಗಬೇಕಾದವನು ಇವತ್ತು ಇಲ್ಲ ಎನ್ನುವುದು ಹೇಗೆ? "ಹರ್ನಿಯಾ," ಎಂದ, ಸಣ್ಣ ದನಿಯಲ್ಲಿ.

"ಹರ್ನಿಯಾ!" ರೇಡಿಯೋ ಅದನ್ನು ದೊಡ್ಡದಾಗಿಯೇ ಹೇಳಿದ.

ಏಜೆಂಟ್ ಮೊಬೈಲಿನಲ್ಲಿ ಏನೇನೋ ಒತ್ತಿ ತಲೆಯಾಡಿಸಿದ. "ಗೊತ್ತಿದ್ದೂ ಗೊತ್ತಿದ್ದೂ ಆಪರೇಷನ್ ಇರೋರನ್ನ ಸೇರಿಸಿದ್ರೆ ಇಡೀ ಗುಂಪಿನ ರೇಟು ಏರುತ್ತೆ ಸಾರ್. ತಲೆಗೆ ಎರಡರಷ್ಟು. ಒಂಟಿಯಾಗಿ ಮಾಡಿಸಿದಷ್ಟೇ ಆಗುತ್ತೆ."

ಎಲ್ಲರೂ ಮಾಲೀಕಳನ್ನು ನೋಡಿದರು, ಮಾಲೀಕಳು ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅಣ್ಣಾ," ಎಂದಳು ಕೊನೆಗೆ. "ಬೇಜಾರು ಮಾಡ್ಕೋಬೇಡ. ಕಂಪನಿ ಉಳೀಬೇಕಲ್ವಾ?"

"ನನ್ನ ಕಂಪನಿ ಅದು."

"ಬೆಳಗ್ಗೆ ನಿಂದು. ಈಗ ನಂದು."

ಫೋಟೋದಣ್ಣ ಸಂಘದ ಕಡೆ ತಿರುಗಿದ. ಸಂಘದ ಅಧ್ಯಕ್ಷರು ಕನ್ನಡಕ ಒರೆಸಿಕೊಂಡು, "ಸಂಘ ತೀವ್ರ ವಿಷಾದ ವ್ಯಕ್ತಪಡಿಸುತ್ತೆ," ಎಂದರು. ಅಲ್ಲಿಗೆ ಮುಗಿಯಿತು. ಬೆಳಗ್ಗೆ ಸ್ವಂತ ಉದ್ಯೋಗಿ, ಮಧ್ಯಾಹ್ನ ಮಾಲೀಕ, ಸಂಜೆ ನೌಕರ, ದೀಪ ಹಚ್ಚುವ ಹೊತ್ತಿಗೆ ಕೆಲಸದಿಂದ ವಜಾ. ಒಂದು ಜನ್ಮದಲ್ಲಿ ಆಗಬೇಕಾದದ್ದೆಲ್ಲ ಅವನಿಗೆ ಒಂದೇ ಹಗಲಿನಲ್ಲಿ ಆಗಿತ್ತು. ಸುಸ್ತಾಗಿ ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತ.

ತಕ್ಷಣ ಸೈಕಲ್ಲಿನವನಿಗೆ ಹೊಳೆಯಿತು. "ಈಗ ನಾವು ಆರೇ ಜನ ಆದೆವಲ್ಲ!"

ಫೋಟೋದಣ್ಣ ತಲೆ ಎತ್ತಿದ. ಏಳು ಜನ ಇಲ್ಲದಿದ್ದರೆ ಪಾಲಿಸಿಯೇ ಇಲ್ಲ. ತನ್ನನ್ನು ಕಳಿಸಿ ಬದುಕುವ ಹಾಗಿಲ್ಲ. ಅವನ ಬೆನ್ನು ಅರ್ಧ ನೇರವಾಯಿತು. ಟೈಲರಕ್ಕ ಹಣೆ ಉಜ್ಜಿದಳು, ಮೇಷ್ಟ್ರು ಮತ್ತೆ ಕನ್ನಡಕ ತೆಗೆದರು.

ಆಗ ಬಾಗಿಲ ಬಳಿಯಿಂದ ಒಂದು ಸಂಕೋಚದ ಕೆಮ್ಮು ಕೇಳಿಸಿತು. ವಿಮಾ ಏಜೆಂಟ್ ಹೆಲ್ಮೆಟ್ಟನ್ನು ಎದೆಗೆ ಹಿಡಿದುಕೊಂಡು ನಿಂತಿದ್ದ.

"ಮೇಡಂ, ನಾನು ಸೇರಬಹುದಾ?"

"ನೀನಾ? ನಿನಗೆ ನಿನ್ನ ಕಂಪನಿ ವಿಮೆ ಇಲ್ವಾ?"

"ಎಲ್ಲಿಂದ ಮೇಡಂ? ನಾನು ಅವರ ನೌಕರ ಅಲ್ಲ. ಮಾಡಿಸಿಕೊಟ್ಟಷ್ಟಕ್ಕೆ ಕಮಿಷನ್, ಅಷ್ಟೇ. ಹನ್ನೆರಡು ವರ್ಷದಿಂದ ಊರಿಗೆಲ್ಲ ವಿಮೆ ಮಾಡಿಸ್ತಾ ಇದ್ದೀನಿ. ನಂಗೆ ಮಾಡಿಸೋಕೆ ಕೈಗೆಟುಕಿಲ್ಲ." ತಲೆ ತಗ್ಗಿಸಿದ. "ಕಾಯಿಲೆ ಏನೂ ಇಲ್ಲ ಮೇಡಂ. ಬೇಕಾದ್ರೆ ಓಡಿ ತೋರಿಸ್ತೀನಿ."

ಓಡಿಸಲಿಲ್ಲ. ಅಲ್ಲೇ ಸೇರಿಸಿಕೊಂಡರು. ಜೆರಾಕ್ಸಿನವನು ಅವನನ್ನು ಅಪ್ಪಿಕೊಂಡ. ಫೋಟೋದಣ್ಣನಿಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಆ ಸವೆದ ಕಾಲರು ಬೆಳಗ್ಗೆಯಿಂದಲೂ ಕಣ್ಣೆದುರಿಗೇ ಇತ್ತು.

"ಫೈಲಿಗೆ ಎಲ್ಲ ನೌಕರರ ಒಂದು ಗ್ರೂಪ್ ಫೋಟೋ ಬೇಕು," ಎಂದ ಏಜೆಂಟ್ ಹೊಸ ಉತ್ಸಾಹದಲ್ಲಿ. ಮಾಲೀಕಳು ಮಧ್ಯದಲ್ಲಿ, ಏಳು ಜನ ಸುತ್ತ ನಿಂತರು. ಫೋಟೋದಣ್ಣ ಎದ್ದು, ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿದು ಹಿಂದೆ ಹಿಂದೆ ಸರಿದ.

"ಸ್ವಲ್ಪ ನಗಿ," ಎಂದ ಅಭ್ಯಾಸಬಲದಿಂದ. ಹೇಳುವ ಅಗತ್ಯವೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಇಷ್ಟು ನೆಮ್ಮದಿಯಾಗಿ ನಕ್ಕ ಮುಖಗಳನ್ನು ಅವನು ತೆಗೆದಿರಲಿಲ್ಲ.

ಎಲ್ಲರೂ ಮೆಟ್ಟಿಲಿಳಿದು ಹೋದ ಮೇಲೆ ಏಜೆಂಟ್ ಒಬ್ಬನೇ ಹಿಂದಿರುಗಿ ಬಂದು, ದನಿ ತಗ್ಗಿಸಿ ಹೇಳಿದ: "ಸಾರ್, ನಿಮ್ಮ ಹಳೇದು ಹೋಯ್ತಲ್ಲ, ನಾನೇ ಹೊಸದು ಮಾಡಿಸಿಕೊಡ್ತೀನಿ. ಹರ್ನಿಯಾಕ್ಕೆ ಮಾತ್ರ ಮತ್ತೆ ಮೊದಲಿಂದ ಮೂರು ವರ್ಷ ಕಾಯಬೇಕು. ಮತ್ತೆ, ಉದ್ಯೋಗ ಏನಂತ ಬರೀಲಿ?"

"ಸ್ವಂತ," ಎಂದ ಫೋಟೋದಣ್ಣ.

ಏಜೆಂಟ್ ನಿಜವಾದ ಮರುಕದಿಂದ ನಿಟ್ಟುಸಿರು ಬಿಟ್ಟ. "ಅದಕ್ಕೆ ರೇಟು ಸ್ವಲ್ಪ ಜಾಸ್ತಿ ಸಾರ್."